ಇನ್ನೊಬ್ಬರ ಸಂಬಳದಲ್ಲಿ ನಮ್ಮ ಪಾಲು

ಬಡಗಿಗೆ ಮಾಡಿದ ಬಾಗಿಲಿಗೆ ಕೂಲಿ, ಮೇಷ್ಟ್ರಿಗೆ ಪಾಠ ಹೇಳಿದ ತಿಂಗಳಿಗೆ ಸಂಬಳ, ವಕೀಲರಿಗೆ ನಡೆಸಿದ ಕೇಸಿಗೆ ಫೀಸು. ಈ ಲೆಕ್ಕಗಳಲ್ಲಿ ನ್ಯಾಯ ಎಷ್ಟಿದೆ ಎಂಬ ಬಗ್ಗೆ ತಕರಾರಿರಬಹುದು. ಯಾತಕ್ಕೆ ಹಣ ಸಿಗುತ್ತಿದೆ ಎಂಬ ಬಗ್ಗೆ ಗೊಂದಲವಿಲ್ಲ. ಕಂಪನಿಗಳಿಗೆ ಕೆಲಸಗಾರರನ್ನು ಹುಡುಕಿಕೊಡುವ ರಿಕ್ರೂಟ್‌ಮೆಂಟ್ ಕನ್ಸಲ್ಟೆನ್ಸಿಗಳ ಲೆಕ್ಕ ಬೇರೆ ಥರದ್ದು. ಅಲ್ಲಿ ಆದಾಯದ ಅಳತೆಗೋಲು ಇನ್ನೊಬ್ಬ ಮನುಷ್ಯನ ಸಂಬಳ. ಕಾಯಂ ಕೆಲಸಕ್ಕೆ ಒಬ್ಬರನ್ನು ಸೇರಿಸಿದರೆ ಆ ವ್ಯಕ್ತಿಯ ವಾರ್ಷಿಕ ಸಂಬಳದ ಇಂತಿಷ್ಟು ಪಾಲನ್ನು ಕಂಪನಿಯು ಕನ್ಸಲ್ಟೆನ್ಸಿಗೆ ಕೊಡುತ್ತದೆ. ನಮ್ಮಲ್ಲಿ ಬಹಳ ಕಡೆ ಚಾಲ್ತಿಯಲ್ಲಿರುವ ದರ ಶೇ. 8.33. ವಿಚಿತ್ರವಾಗಿ ಕಾಣುವ ಈ ಸಂಖ್ಯೆಯ ಅರ್ಥ ಸರಳ: ಹನ್ನೆರಡರಲ್ಲಿ ಒಂದು ಭಾಗ, ಅಂದರೆ ಒಂದು ತಿಂಗಳ ಸಂಬಳ. ತೀರಾ ದೊಡ್ಡ ಹುದ್ದೆಗಳಿಗೆ ಜನರನ್ನು ಹುಡುಕುವ ಸಂಸ್ಥೆಗಳು ಮೊದಲ ವರ್ಷದ ಸಂಬಳದ ಮೂರನೇ ಒಂದು ಭಾಗವನ್ನು ಕೇಳುವುದೂ ಉಂಟು.

ಈ ಹಣ ಕೆಲಸಕ್ಕೆ ಸೇರಿದವರ ಜೇಬಿನಿಂದ ಹೋಗುವುದಿಲ್ಲ, ಕಂಪನಿಯೇ ಪ್ರತ್ಯೇಕವಾಗಿ ಕೊಡುತ್ತದೆ. ಹಾಗಾಗಿ ಇದರಲ್ಲಿ ಮೋಸವೇನೂ ಇಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಇನ್ನೊಬ್ಬರಿಗೆ ಮಾರುಕಟ್ಟೆ ಕಟ್ಟುವ ಬೆಲೆಯ ಮೇಲೆ ನನ್ನ ಅನ್ನ ನಿಂತಿರುವಾಗ, ಆ ಮನುಷ್ಯರಿಗೆ ನಾನು ಏನನ್ನು ಬಾಕಿ ಇರುತ್ತೇನೆ? ಯಾರಿಂದ ನನಗೆ ಒಂದು ರೂಪಾಯಿಯೂ ದಕ್ಕಲಿಲ್ಲವೋ ಅವರಿಗೆ?

ಸಾಹಿತ್ಯ, ಇತಿಹಾಸ, ಸಮಾಜಶಾಸ್ತ್ರ ಓದಿದವರಿಗೆ ಇದು ದೂರದ ಪ್ರಶ್ನೆಯಲ್ಲ. ಬೆಂಗಳೂರಿನಲ್ಲಿ ಇಂಥದೇ ಡಿಗ್ರಿ ಬೇಕೆಂದು ಕೇಳದ, ಮಾತು ಬಂದರೆ ಸಾಕೆನ್ನುವ ಕೆಲಸಗಳಲ್ಲಿ ರಿಕ್ರೂಟರ್ ಕೆಲಸ ಒಂದು. ನನ್ನ ಜೊತೆ ಎಂ.ಎ. ಓದಿದವರಲ್ಲಿ ಕೆಲವರು ಪಿಎಚ್‌.ಡಿ.ಗೆ ಬಂದೆವು, ಕೆಲವರು ಬಿ.ಎಡ್. ಮಾಡಿದರು, ಇನ್ನು ಕೆಲವರು ಹೆಡ್‌ಸೆಟ್ ಹಾಕಿಕೊಂಡರು. ಹಾಗೆ ಹೋದ ಗೆಳತಿಯೊಬ್ಬಳು ತನ್ನ ದಿನಚರಿಯನ್ನು ಬಿಡಿಸಿ ಹೇಳಿದಾಗಲೇ ಈ ಉದ್ಯಮದ ಒಳಗಿನ ಲೆಕ್ಕ ನನಗೆ ಅರ್ಥವಾಗತೊಡಗಿದ್ದು. ನೌಕರಿ ಜಾಲತಾಣಗಳಲ್ಲಿ ರೆಸ್ಯೂಮೆ ಹುಡುಕುವುದು, ಕರೆ ಮಾಡುವುದು, ಈಗಿನ ಸಂಬಳ, ನಿರೀಕ್ಷೆಯ ಸಂಬಳ, ನೋಟೀಸ್ ಪೀರಿಯಡ್ ಎಷ್ಟೆಂದು ಕೇಳಿ ಎಕ್ಸೆಲ್ ಹಾಳೆಯಲ್ಲಿ ತುಂಬುವುದು, ಇಂಟರ್‌ವ್ಯೂಗೆ ಸಾಲು ಹಚ್ಚುವುದು, ಸೇರುವ ದಿನದವರೆಗೂ ಬೆನ್ನು ಬೀಳುವುದು. ಮೂಲ ಸಂಬಳ ಕಡಿಮೆ. ಅದರ ಮೇಲೆ ಇನ್ಸೆಂಟಿವ್. ಅದೂ ಅಭ್ಯರ್ಥಿ ಕೆಲಸಕ್ಕೆ ಸೇರಿ, ಕಂಪನಿ ಬಿಲ್ ಪಾವತಿಸಿದ ಮೇಲೆ.

ಇಲ್ಲಿ ಮೊದಲು ಕಣ್ಣಿಗೆ ಬೀಳುವುದು ಶ್ರಮಕ್ಕೂ ಫಲಕ್ಕೂ ಇರುವ ದೂರ. ವರ್ಷಕ್ಕೆ 4 ಲಕ್ಷದ ಅಕೌಂಟ್ಸ್ ಸಹಾಯಕನನ್ನು ಹುಡುಕಿದರೆ ಶೇ. 8.33ರಂತೆ ಸಿಗುವ ಶುಲ್ಕ 33,320 ರೂಪಾಯಿ. 40 ಲಕ್ಷದ ಸಾಫ್ಟ್‌ವೇರ್ ಆರ್ಕಿಟೆಕ್ಟ್‌ನನ್ನು ಹುಡುಕಿದರೆ 3,33,200. ಎರಡನೆಯದಕ್ಕೆ ಹತ್ತು ಪಟ್ಟು ಶ್ರಮ ಬೇಕೆಂದೇನಿಲ್ಲ. ಗೋದಾಮಿಗೆ, ಡೆಲಿವರಿಗೆ, ಕಾರ್ಖಾನೆಗೆ ಒಟ್ಟೊಟ್ಟಿಗೆ ಜನರನ್ನು ಸೇರಿಸುವ ಕಡೆಯಂತೂ ಶೇಕಡಾವಾರು ಲೆಕ್ಕವೂ ಇಲ್ಲದೆ ತಲೆಗಿಷ್ಟು ಎಂದು ಹಣ ಕೊಡುತ್ತಾರೆ. ಪೀಣ್ಯದ, ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಕನ್ನಡದಲ್ಲೇ ಮಾತಾಡಿ ಜನ ಹೊಂದಿಸುವ ಹುಡುಗನಿಗೂ, ಸಾಫ್ಟ್‌ವೇರ್ ಕಂಪನಿಗಳಿಗೆ ಇಂಗ್ಲಿಷಿನಲ್ಲಿ ಮಾತಾಡಿ ಹುಡುಕುವ ಹುಡುಗಿಗೂ ಹುದ್ದೆಯ ಹೆಸರು ಒಂದೇ. ಆದರೆ ಯಾವ ಭಾಷೆ ಆಡುತ್ತೇವೆ ಎಂಬುದು ಯಾರ ಸಂಬಳದಲ್ಲಿ ನಮಗೆ ಪಾಲು ಎಂಬುದನ್ನು ತೀರ್ಮಾನಿಸಿಬಿಡುತ್ತದೆ.

ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಯೆಕ್ ಇದಕ್ಕೆ ಸಮಾಧಾನ ಹೇಳುತ್ತಿರಲಿಲ್ಲ, ವಿವರಣೆ ಕೊಡುತ್ತಿದ್ದ. 1960ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಆತ ಯೋಗ್ಯತೆಯನ್ನೂ ಮೌಲ್ಯವನ್ನೂ ಬೇರ್ಪಡಿಸಿದ. ಮಾರುಕಟ್ಟೆ ಹಣ ಕೊಡುವುದು ನೀವು ಪಟ್ಟ ಪಾಡಿಗಲ್ಲ, ನಿಮ್ಮ ಕೆಲಸದಿಂದ ಇನ್ನೊಬ್ಬರಿಗೆ ಆದ ಪ್ರಯೋಜನಕ್ಕೆ ಎಂಬುದು ಅವನ ವಾದದ ತಿರುಳು. ಇದನ್ನು ಒಪ್ಪಿಕೊಂಡರೆ ಒಂದು ಲಾಭವಿದೆ. ಹೆಚ್ಚು ಗಳಿಸಿದವನು ತಾನು ಹೆಚ್ಚು ಯೋಗ್ಯ ಎಂದು ಬೀಗಬೇಕಾಗಿಲ್ಲ, ಕಡಿಮೆ ಗಳಿಸಿದವಳು ಕುಗ್ಗಬೇಕಾಗಿಲ್ಲ. ರಿಕ್ರೂಟರ್‌ಗಳ ಸಂಬಳದ ಏರುಪೇರನ್ನು ಈ ಮಾತು ವಿವರಿಸುತ್ತದೆ. ಆದರೆ ಅವರು ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಅದಕ್ಕೆ ಈ ಕೆಲಸದ ಹಳೆಯ ರೂಪಗಳತ್ತ ನೋಡಬೇಕು.

ಜನರನ್ನು ಕೆಲಸಕ್ಕೆ ಸೇರಿಸಿ ಅವರ ಗಳಿಕೆಯಲ್ಲಿ ಪಾಲು ಪಡೆಯುವುದು ಕಂಪ್ಯೂಟರ್ ಯುಗದ ಕಸುಬಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಆಳುಗಳನ್ನು ಕರೆತರುತ್ತಿದ್ದ ಮೇಸ್ತ್ರಿಗಳ ಬದುಕು ಇದರ ಮೇಲೆಯೇ ನಿಂತಿತ್ತು. ತೋಟದ ದೊರೆಯಿಂದ ಮುಂಗಡ ಪಡೆದು, ಹಳ್ಳಿಗಳಲ್ಲಿ ಅದನ್ನು ಹಂಚಿ, ಜನರನ್ನು ತೋಟಕ್ಕೆ ಕರೆತಂದು, ಅವರ ದುಡಿಮೆಯ ಮೇಲೆ ಕಮಿಷನ್ ಪಡೆಯುವುದು ಅವರ ಕೆಲಸ. ಸಿಂಹಳದ ಚಹಾ ತೋಟಗಳಲ್ಲಿ ಕಂಗಾಣಿ, ಬಾಂಬೆಯ ಬಟ್ಟೆ ಗಿರಣಿಗಳಲ್ಲಿ ಜಾಬರ್, ಕಲ್ಕತ್ತೆಯ ಸೆಣಬಿನ ಗಿರಣಿಗಳಲ್ಲಿ ಸರ್ದಾರ ಇದೇ ಜಾಗದಲ್ಲಿದ್ದವರು. ಮುಂಗಡವೇ ಸಾಲವಾಗಿ, ಸಾಲವೇ ಸಂಕೋಲೆಯಾದದ್ದು ತಿಳಿದ ಸಂಗತಿ. ಮುಂಗಡ ಪಡೆದು ಕೆಲಸ ಬಿಟ್ಟವರನ್ನು ಶಿಕ್ಷಿಸಲು ಬ್ರಿಟಿಷ್ ಸರ್ಕಾರ 1859ರಲ್ಲಿ ಕಾನೂನನ್ನೇ ಮಾಡಿತ್ತು. ಗಿರಣಿಗಳಲ್ಲಿ ಕೆಲಸ ಸಿಗಬೇಕಾದರೂ, ಉಳಿಯಬೇಕಾದರೂ ಜಾಬರನಿಗೆ ಲಂಚ ಕೊಡಬೇಕಾಗಿದ್ದುದನ್ನು 1931ರ ವಿಟ್ಲಿ ಆಯೋಗದ ವರದಿ ಖಂಡಿಸಿತು.

ಈ ಅನುಭವಗಳಿಂದ ಜಗತ್ತು ಒಂದು ಪಾಠ ಕಲಿಯಿತು. ದುಡಿಮೆ ಸರಕಲ್ಲ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1944ರ ಫಿಲಡೆಲ್ಫಿಯಾ ಘೋಷಣೆಯಲ್ಲಿ ಸಾರಿತು. ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ವಸೂಲು ಮಾಡಬಾರದು ಎಂಬುದನ್ನು ಅದರ 1997ರ ಒಪ್ಪಂದ ಸಾಮಾನ್ಯ ನಿಯಮವಾಗಿಸಿತು. ಇದು ನಿಜವಾದ ನೈತಿಕ ಮುನ್ನಡೆ. ಕೆಲಸ ಬೇಕಾದ ಬಡವನ ಜೇಬಿಗೆ ಕೈಹಾಕುವ ಬದಲು, ಆಳು ಬೇಕಾದ ಧಣಿಯ ಜೇಬಿನಿಂದ ಹಣ ಬರಲಿ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇದರ ಜೊತೆಗೆ ಇನ್ನೊಂದು ಬದಲಾವಣೆಯೂ ಸದ್ದಿಲ್ಲದೆ ಆಯಿತು. ಹಣ ಕೊಡುವವನು ಗ್ರಾಹಕನಾದ. ಹಾಗಾದರೆ ಕೆಲಸ ಹುಡುಕುತ್ತಿರುವವನು ಯಾರು? ಅವನು ಗ್ರಾಹಕನಲ್ಲ, ಕನ್ಸಲ್ಟೆನ್ಸಿಯ ನೌಕರನೂ ಅಲ್ಲ. ಲೆಕ್ಕದ ಪುಸ್ತಕದ ಭಾಷೆಯಲ್ಲಿ ಅವನಿಗೆ ಉಳಿಯುವ ಜಾಗ ಒಂದೇ, ಯಾವುದನ್ನು ಅಲ್ಲ ಎಂದು 1944ರಲ್ಲಿ ಸಾರಲಾಯಿತೋ ಅದು.

ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಬೆಲೆಗೂ ಘನತೆಗೂ ಇರುವ ವ್ಯತ್ಯಾಸವನ್ನು ಗುರುತಿಸಿದ್ದ. ಬೆಲೆಯುಳ್ಳ ವಸ್ತುವಿನ ಜಾಗದಲ್ಲಿ ಅದಕ್ಕೆ ಸಮನಾದ ಇನ್ನೊಂದನ್ನು ಇಡಬಹುದು. ಘನತೆಯುಳ್ಳದ್ದಕ್ಕೆ ಅಂಥ ಬದಲಿ ಇಲ್ಲ. ದರ್ಶನದ ತರಗತಿಯಲ್ಲಿ ಇದು ಸ್ವಲ್ಪ ಒಣಗಿದ ಮಾತಿನಂತೆ ಕೇಳಿಸುತ್ತದೆ. ರಿಕ್ರೂಟ್‌ಮೆಂಟ್ ಕರಾರಿನಲ್ಲಿ ಅದಕ್ಕೆ ಜೀವ ಬರುತ್ತದೆ. ಅಲ್ಲಿ 'ರೀಪ್ಲೇಸ್‌ಮೆಂಟ್' ಎಂಬ ಷರತ್ತು ಮಾಮೂಲು. ಸೇರಿದ ವ್ಯಕ್ತಿ ಗೊತ್ತುಪಡಿಸಿದ ಅವಧಿಯೊಳಗೆ, ಸಾಮಾನ್ಯವಾಗಿ 90 ದಿನದೊಳಗೆ, ಬಿಟ್ಟುಹೋದರೆ ಕನ್ಸಲ್ಟೆನ್ಸಿ ಹೊಸ ಶುಲ್ಕವಿಲ್ಲದೆ ಇನ್ನೊಬ್ಬರನ್ನು ತಂದುಕೊಡಬೇಕು. ಮಿಕ್ಸಿಗೆ ವಾರಂಟಿ ಇರುವಂತೆ ಮನುಷ್ಯನಿಗೂ ವಾರಂಟಿ. ವ್ಯಾಪಾರದ ದೃಷ್ಟಿಯಿಂದ ಈ ಷರತ್ತು ಅನ್ಯಾಯವೇನಲ್ಲ, ಕಂಪನಿ ಕೊಟ್ಟ ಹಣಕ್ಕೆ ಖಾತರಿ ಕೇಳುತ್ತದೆ. ಆದರೆ 80ನೇ ದಿನ ಒಬ್ಬ ಹುಡುಗ ಫೋನ್ ಮಾಡಿ, ಇಲ್ಲಿ ಮ್ಯಾನೇಜರ್ ತುಂಬಾ ಕೆಟ್ಟದಾಗಿ ಮಾತಾಡುತ್ತಾನೆ, ಬಿಟ್ಟುಬಿಡಲೇ ಎಂದು ಕೇಳಿದರೆ ರಿಕ್ರೂಟರ್ ಏನು ಹೇಳಬೇಕು? ಇನ್ನು ಹತ್ತು ದಿನ ತಡೆದುಕೋ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಅದು ಸಲಹೆಯಂತೆ ಕೇಳಿಸುತ್ತದೆ. ಯಾರ ಹಿತಕ್ಕೆ ಎಂದು ಹೇಳುವವಳಿಗೂ ಖಚಿತವಿರುವುದಿಲ್ಲ.

ನೈತಿಕ ಪ್ರಶ್ನೆಗಳ ಬಗ್ಗೆ ಬರೆಯುವಾಗ ನಾವು ಹೆಚ್ಚಾಗಿ ವ್ಯಕ್ತಿಯ ಆತ್ಮಸಾಕ್ಷಿಯಿಂದ ಶುರುಮಾಡುತ್ತೇವೆ. ಒಳ್ಳೆಯವರಾದರೆ ಒಳ್ಳೆಯದನ್ನು ಮಾಡುತ್ತಾರೆ ಎಂಬುದು ಅದರ ಹಿಂದಿನ ನಂಬಿಕೆ. ಇಲ್ಲಿ ನನಗೆ ಕಾಣುವುದು ಬೇರೆ: ಆತ್ಮಸಾಕ್ಷಿ ಬಾಯಿ ತೆರೆಯುವ ಮೊದಲೇ ಸಂಬಳದ ಸ್ವರೂಪ ಉತ್ತರ ಕೊಟ್ಟಿರುತ್ತದೆ. ಮೇಲ್ನೋಟಕ್ಕೆ ಶೇಕಡಾವಾರು ಶುಲ್ಕ ಅಭ್ಯರ್ಥಿಯ ಪರವಾಗಿದೆ, ಅವನಿಗೆ ಹೆಚ್ಚು ಸಿಕ್ಕರೆ ರಿಕ್ರೂಟರ್‌ಗೂ ಹೆಚ್ಚು. ಲೆಕ್ಕ ಹಾಕಿ ನೋಡಿ. 12 ಲಕ್ಷದ ಆಫರ್ ಬಂದಿದೆ, ಅಭ್ಯರ್ಥಿ 13 ಕೇಳುತ್ತಿದ್ದಾನೆ. 12ಕ್ಕೆ ಮುಗಿದರೆ ಕನ್ಸಲ್ಟೆನ್ಸಿಗೆ 99,960 ರೂಪಾಯಿ. 13ಕ್ಕೆ ಮುಗಿದರೆ ಹೆಚ್ಚುವರಿ 8,330. ಎಳೆದಾಟದಲ್ಲಿ ಮಾತು ಮುರಿದರೆ ಸೊನ್ನೆ. ಅಭ್ಯರ್ಥಿಗೆ ವರ್ಷಕ್ಕೆ ಒಂದು ಲಕ್ಷ ದೊಡ್ಡದು. ನಡುವಿನವರಿಗೆ ಆ ಎಂಟು ಸಾವಿರಕ್ಕಾಗಿ ಲಕ್ಷವನ್ನು ಪಣಕ್ಕಿಡುವುದು ಮೂರ್ಖತನ. ಹಾಗಾಗಿ ಬರುವ ಮಾತು, "ಒಪ್ಪಿಕೊಂಡುಬಿಡಿ ಸರ್, ಬ್ರ್ಯಾಂಡ್ ನೋಡಿ, ಮುಂದಿನ ವರ್ಷ ಹೈಕ್ ಆಗೇ ಆಗುತ್ತೆ."

ಗುತ್ತಿಗೆ ಕೆಲಸಕ್ಕೆ ಜನರನ್ನು ಒದಗಿಸುವ ಕಡೆ ಈ ಪರದೆಯೂ ಇಲ್ಲ. ಬೆಂಗಳೂರು, ಹೈದರಾಬಾದ್‌ಗಳಲ್ಲಿ ಕೂತು ರಾತ್ರಿಪಾಳಿಯಲ್ಲಿ ಅಮೆರಿಕದ ಕಂಪನಿಗಳಿಗೆ ಜನರನ್ನು ಹುಡುಕುವವರಿಗೆ ಇದು ದಿನನಿತ್ಯದ ಗಣಿತ. ಗ್ರಾಹಕ ಕಂಪನಿ ಗಂಟೆಗೆ ಇಷ್ಟು ಡಾಲರ್ ಎಂದು ಕೊಡುತ್ತದೆ, ಕೆಲಸಗಾರನಿಗೆ ಗಂಟೆಗೆ ಇಷ್ಟು ಎಂದು ಹೋಗುತ್ತದೆ, ನಡುವೆ ಉಳಿದದ್ದರಲ್ಲಿ ಕನ್ಸಲ್ಟೆನ್ಸಿಯ ಖರ್ಚು ಮತ್ತು ಲಾಭ. ಇಲ್ಲಿ ಅಭ್ಯರ್ಥಿ ಎಷ್ಟು ಕಡಿಮೆಗೆ ಒಪ್ಪಿದರೆ ಅಷ್ಟು ಲಾಭ. ಒಬ್ಬಳೇ ರಿಕ್ರೂಟರ್ ಹಗಲಿನ ಕೆಲಸ ಬಿಟ್ಟು ರಾತ್ರಿಯ ಕೆಲಸಕ್ಕೆ ಸೇರಿದರೆ ಅವಳ ಗುಣವೇನೂ ಬದಲಾಗುವುದಿಲ್ಲ. ಎದುರಿನವರ ಗಳಿಕೆ ಹೆಚ್ಚಬೇಕೋ ತಗ್ಗಬೇಕೋ ಎಂಬ ಅವಳ ಹಿತಾಸಕ್ತಿ ಮಾತ್ರ ತಲೆಕೆಳಗಾಗುತ್ತದೆ.

'ಈಗಿನ ಸಂಬಳ ಎಷ್ಟು?' ಎಂಬ ಪ್ರಶ್ನೆ ಮುಗ್ಧವಲ್ಲ ಎಂದು ಗೊತ್ತಾಗುವುದೂ ಇಲ್ಲಿಯೇ. ನಮ್ಮಲ್ಲಿ ಅದು ಫೋನ್ ಕರೆಯ ಮೂರನೆಯದೋ ನಾಲ್ಕನೆಯದೋ ಪ್ರಶ್ನೆ, ಆಮೇಲೆ ಸಂಬಳದ ಚೀಟಿಯನ್ನೂ ಕೇಳುತ್ತಾರೆ. ಹೊಸ ಕೆಲಸದ ಬೆಲೆ ಆ ಕೆಲಸದಿಂದ ಹುಟ್ಟದೆ, ಹಳೆಯ ಸಂಬಳಕ್ಕೆ ಶೇಕಡಾ ಇಷ್ಟು ಸೇರಿಸಿದ ಮೊತ್ತವಾಗಿ ಹುಟ್ಟುತ್ತದೆ. ಕಾಲೇಜು ಮುಗಿದಾಗ ಮನೆಯ ತಾಪತ್ರಯಕ್ಕೆ ಸಿಕ್ಕಿದ ಕೆಲಸ ಹಿಡಿದವರನ್ನು, ಹೆರಿಗೆಯ ನಂತರ ಕಡಿಮೆ ಸಂಬಳಕ್ಕೆ ಮರಳಿದವರನ್ನು ಆ ಮೊದಲ ಅಂಕಿ ವರ್ಷಗಟ್ಟಲೆ ಹಿಂಬಾಲಿಸುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2016ರಲ್ಲಿ ಮಾಡಿದ ಕಾನೂನು ಆಫರ್ ಕೊಡುವ ಮೊದಲು ಹಿಂದಿನ ಸಂಬಳ ಕೇಳುವುದನ್ನು ನಿಷೇಧಿಸಿತು. ಕ್ಯಾಲಿಫೋರ್ನಿಯಾದಲ್ಲಿ 2018ರ ಜನವರಿಯಿಂದ ಇಂಥ ನಿಷೇಧವಿದೆ. ಯುರೋಪಿಯನ್ ಒಕ್ಕೂಟದ 2023ರ ನಿರ್ದೇಶನವೂ ಅದನ್ನೇ ಹೇಳುತ್ತದೆ. ಕೇಳಬಾರದ ಪ್ರಶ್ನೆಗಳೂ ಇವೆ ಎಂದು ಒಂದು ಸಮಾಜ ತೀರ್ಮಾನಿಸಬಲ್ಲದು ಎಂಬುದಕ್ಕೆ ಇವು ಸಾಕ್ಷಿ.

ಇನ್ನು ಆಯ್ಕೆಯಾಗದವರು. ಒಂದು ಹುದ್ದೆಗೆ ಇಪ್ಪತ್ತು ಮಂದಿಯ ರೆಸ್ಯೂಮೆ ಕಳಿಸಿದರೆ ಸೇರುವುದು ಒಬ್ಬರು. ಸೇರಿದವರಿದ್ದರೆ ಮಾತ್ರ ಶುಲ್ಕ ಎಂಬ ಪದ್ಧತಿಯಲ್ಲಿ ಉಳಿದ ಹತ್ತೊಂಬತ್ತು ಮಂದಿಯ ಜೊತೆ ಆಡಿದ ಮಾತೆಲ್ಲ ಖರ್ಚಿನ ಬಾಬತ್ತು. ಅವರಿಗೆ ಮತ್ತೆ ಫೋನ್ ಮಾಡಿ 'ಆಗಲಿಲ್ಲ' ಎಂದು ಹೇಳುವುದು ಇನ್ನೂ ಖರ್ಚು. ಆದ್ದರಿಂದ ಯಾರೂ ಹೇಳುವುದಿಲ್ಲ. ಒಂದು ವಾರ ಬೆನ್ನು ಬಿದ್ದು ಕರೆ ಮಾಡುತ್ತಿದ್ದ ನಂಬರು ಇದ್ದಕ್ಕಿದ್ದಂತೆ ಉತ್ತರಿಸುವುದನ್ನು ನಿಲ್ಲಿಸುತ್ತದೆ. ಗೆಳತಿ ಇದನ್ನು ಹೇಳಿದ್ದು ಹೀಗೆ: "ಇಂಟರ್‌ವ್ಯೂ ಮುಗಿಯೋವರೆಗೂ ಅವರ ಮಗುವಿನ ಜ್ವರಾನೂ ವಿಚಾರಿಸ್ತೀನಿ ಕಣೇ. ರಿಜೆಕ್ಟ್ ಆದ ಮೇಲೆ ಅವರ ಫೋನ್ ಎತ್ತೋಕೂ ಟೈಮಿರಲ್ಲ."

ಎಪಿಎಂಸಿಯ ದಲ್ಲಾಳಿಯೂ ಮಾರಾಟವಾದ ಮಾಲಿನ ಮೇಲೆ ಕಮಿಷನ್ ಪಡೆಯುತ್ತಾನಲ್ಲ, ಇದರಲ್ಲೇನು ವಿಶೇಷ ಎಂದು ಕೇಳಬಹುದು. ವಿಶೇಷ ಇಷ್ಟೇ: ಮಾರಾಟವಾಗದೆ ಉಳಿದ ಭತ್ತದ ಚೀಲ, ಮನೆಗೆ ಹೋಗಿ ಅಮ್ಮನಿಗೆ ಏನು ಹೇಳಲಿ ಎಂದು ಯೋಚಿಸುವುದಿಲ್ಲ. ನಾಳೆ ಉತ್ತರ ಬರಬಹುದೆಂದು ಇನ್ನೊಂದು ಆಫರನ್ನು ಕೈಬಿಡುವುದಿಲ್ಲ. ಮನುಷ್ಯ ಕಾಯುತ್ತಾನೆ. ಕಾಯುವ ಜೀವಕ್ಕೆ ಉತ್ತರ ಕೊಡಬೇಕಾದ ಋಣ ಲಾಭದಿಂದ ಹುಟ್ಟಿದ್ದಲ್ಲ, ನಾವೇ ಮೊದಲು ಫೋನ್ ಮಾಡಿ ಆಸೆ ಹುಟ್ಟಿಸಿದ್ದರಿಂದ ಹುಟ್ಟಿದ್ದು. ಆರಂಭದ ಪ್ರಶ್ನೆಗೆ ನನಗೆ ತೋಚುವ ಉತ್ತರ ಇದು. ಸೇರಿದ ಒಬ್ಬರಿಗೆ ನಾವು ನಿಜ ಹೇಳುವುದನ್ನು ಬಾಕಿ ಇದ್ದೇವೆ. ಸೇರದ ಹತ್ತೊಂಬತ್ತು ಮಂದಿಗೆ ಒಂದು ಕೊನೆಯ ಮಾತನ್ನು ಬಾಕಿ ಇದ್ದೇವೆ. ಎರಡನೆಯ ಸಾಲಕ್ಕೆ ಬಿಲ್ ಇಲ್ಲ. ಹಾಗಾಗಿಯೇ ಈ ಕಸುಬಿನ ನೈತಿಕತೆಯ ನಿಜವಾದ ಪರೀಕ್ಷೆ ಅಲ್ಲಿ ನಡೆಯುತ್ತದೆ.

ಆದರೆ ಆ ಪರೀಕ್ಷೆಗೆ ಕೂರುವವರು ಯಾರು? ಏಣಿಯ ಕೆಳಗಿನ ಮೆಟ್ಟಿಲಲ್ಲಿರುವವರು. ಈ ಉದ್ಯಮದಲ್ಲಿ ಬಡ್ತಿಯ ದಾರಿ ಹೆಚ್ಚುಕಡಿಮೆ ಹೀಗಿರುತ್ತದೆ: ರೆಸ್ಯೂಮೆ ಹುಡುಕುವ ಸೋರ್ಸರ್, ರಿಕ್ರೂಟರ್, ಸೀನಿಯರ್, ಟೀಮ್ ಲೀಡ್, ಅಕೌಂಟ್ ಮ್ಯಾನೇಜರ್, ಆಮೇಲೆ ಒಂದಿಡೀ ವಿಭಾಗದ ಮುಖ್ಯಸ್ಥ. ಪ್ರತಿ ಮೆಟ್ಟಿಲಲ್ಲೂ ಸಂಬಳ ಏರುತ್ತದೆ, ಅಭ್ಯರ್ಥಿಗಳ ದನಿ ದೂರವಾಗುತ್ತದೆ. ಕೆಳಗಿರುವವಳು ದಿನವಿಡೀ ದನಿ ಕೇಳುತ್ತಾಳೆ, ನಿಯಮ ಬದಲಿಸುವ ಅಧಿಕಾರ ಅವಳಿಗಿಲ್ಲ. ಮೇಲಿರುವವರಿಗೆ ಅಧಿಕಾರವಿದೆ, ಅವರಿಗೆ ಕಾಣುವುದು ಡ್ಯಾಶ್‌ಬೋರ್ಡು. ಬಾಂಧವ್ಯದ ಕೆಲಸಕ್ಕೆ ಅತಿ ಕಡಿಮೆ, ದೂರ ನಿಂತು ಎಣಿಸುವ ಕೆಲಸಕ್ಕೆ ಅತಿ ಹೆಚ್ಚು ಸಂಬಳ. ಮೇಸ್ತ್ರಿ ಎಷ್ಟೇ ಕ್ರೂರಿಯಾಗಿದ್ದರೂ ತಾನು ಕರೆತಂದವರ ಮುಖವನ್ನು ಬೆಳಗಾದರೆ ನೋಡಲೇಬೇಕಿತ್ತು. ಆ ಹಳೆಯ ವ್ಯವಸ್ಥೆ ವಾಪಸು ಬರಲಿ ಎಂದು ನಾನು ಹೇಳುತ್ತಿಲ್ಲ. ನಾವು ಸಂಕೋಲೆಯನ್ನು ಕಳಚುವಾಗ ಮುಖಾಮುಖಿಯನ್ನೂ ಕಳಚಿಬಿಟ್ಟೆವು ಎಂಬುದನ್ನು ಗಮನಿಸಬೇಕು.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ಕನ್ನಡದ ಓದುಗರಿಗೆಲ್ಲ ಗೊತ್ತು. ಗಂಡ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಅದನ್ನು ಇದ್ದಲ್ಲಿಗೇ ಮರಳಿಸಲು ಹೇಳಿದಳು. ಇದನ್ನು ಅತಿಯಾಸೆ ಬೇಡ ಎಂಬ ನೀತಿಕಥೆಯಾಗಿ ಹೇಳುವುದು ರೂಢಿ. ರಿಕ್ರೂಟರ್‌ಗಳ ಮುಂದೆ ಅದನ್ನು ಹಾಗೆ ಹೇಳುವುದು ಅನ್ಯಾಯ. ತಿಂಗಳಿಗೆ 25 ಸಾವಿರಕ್ಕೆ ದುಡಿದು, ಪಿಜಿ ಬಾಡಿಗೆ ಕಟ್ಟಿ, ಊರಿಗೂ ಕಳಿಸುವ ಹುಡುಗಿಗೆ ಅತಿಯಾಸೆಯ ಪಾಠ ಯಾಕೆ? ಲಕ್ಕಮ್ಮನ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೊಂದು ಸಂಗತಿ. ಆಕೆ ಅಕ್ಕಿ ಎಷ್ಟಿದೆ ಎಂದು ನೋಡಿ ಸುಮ್ಮನಾಗಲಿಲ್ಲ, ಅದು ಯಾಕೆ ಬಂತು ಎಂದು ನೋಡಿದಳು. ಗಳಿಕೆ ಮನೆಯೊಳಗೆ ಕಾಲಿಡುವ ಹೊಸ್ತಿಲಲ್ಲೇ ವಿಚಾರಣೆ ನಡೆಯಿತು. ನಮ್ಮ ಕಾಲದಲ್ಲಿ ಆ ಹೊಸ್ತಿಲು ಇರುವುದು ಇನ್ಸೆಂಟಿವ್ ನಿಯಮಗಳನ್ನು ಬರೆಯುವ ಮೇಜಿನ ಮೇಲೆ. ವಿಚಾರಣೆಯೂ ಅಲ್ಲೇ ನಡೆಯಬೇಕು.

ಇದರಿಂದ ಕೆಲವು ಸಾಧಾರಣ ಸಂಗತಿಗಳು ಹೊರಡುತ್ತವೆ. ಹುಡುಕಾಟದ ಶ್ರಮಕ್ಕೇ ಒಂದಿಷ್ಟು ಹಣ ಕೊಡುವ ಪದ್ಧತಿ ದೊಡ್ಡ ಹುದ್ದೆಗಳ ಹುಡುಕಾಟದಲ್ಲಿ ಈಗಾಗಲೇ ಇದೆ. ಅಲ್ಲಿ ಶುಲ್ಕದ ಮೊದಲ ಕಂತು ಕೆಲಸ ಶುರುವಾಗುವಾಗಲೇ ಬರುತ್ತದೆ. ಲಕ್ಷಾಧೀಶರ ವಿಷಯದಲ್ಲಿ ಸಾಧ್ಯವಾದ ಈ ಸಾವಧಾನ ಗುಮಾಸ್ತರ ವಿಷಯದಲ್ಲಿ ಯಾಕೆ ಅಸಾಧ್ಯ? ಎಲ್ಲ ಅಭ್ಯರ್ಥಿಗಳಿಗೂ ಉತ್ತರ ತಲುಪಿತೇ ಎಂಬುದನ್ನು, ಎಷ್ಟು ಜನ ಸೇರಿದರು ಎಂಬುದರ ಜೊತೆಗೇ ಎಣಿಸಬಹುದು. ಹುದ್ದೆಗೆ ಎಷ್ಟು ಸಂಬಳವೆಂದು ಕಂಪನಿಯೇ ಮೊದಲು ಹೇಳಿದರೆ ಹಳೆಯ ಚೀಟಿ ಕೇಳುವ ಅಗತ್ಯ ತಗ್ಗುತ್ತದೆ. ಇದಕ್ಕೆಲ್ಲ ಖರ್ಚಿದೆ, ನಿಜ. ಪೈಪೋಟಿಯಲ್ಲಿರುವ ಸಣ್ಣ ಕನ್ಸಲ್ಟೆನ್ಸಿ ಒಂದೇ ಅದನ್ನು ಹೊರಲಾರದು ಎಂಬ ವಾದದಲ್ಲೂ ಹುರುಳಿದೆ. ಆದರೆ ಈಗ ಆ ಖರ್ಚು ಇಲ್ಲವೆಂದಲ್ಲ. ಕಾಯುತ್ತಿರುವ ಹತ್ತೊಂಬತ್ತು ಮಂದಿ ಅದನ್ನು ಹೊರುತ್ತಿದ್ದಾರೆ, ಅಷ್ಟೇ.

ಈ ಕೆಲಸದಿಂದ ಒಳ್ಳೆಯದೇ ಆಗುವುದಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಶಿಫಾರಸು ಮಾಡಲು ಯಾರೂ ಇಲ್ಲದ ಊರಿನಿಂದ ಬಂದ ಎಷ್ಟೋ ಮಂದಿಗೆ ಗುರುತಿಲ್ಲದ ದನಿಯೊಂದು ಫೋನ್ ಮಾಡಿದ್ದರಿಂದಲೇ ಬದುಕು ತಿರುಗಿದೆ. ಜಾತಿ, ನೆಂಟಸ್ತಿಕೆ, ಪರಿಚಯಗಳ ಆಚೆಗೆ ಕೆಲಸದ ಸುದ್ದಿ ತಲುಪುವುದು ಸಣ್ಣ ಸಂಗತಿಯಲ್ಲ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದಿನ ವರ್ಷ ಆ ಹೆಡ್‌ಸೆಟ್ ಹಾಕಿಕೊಳ್ಳಬಹುದು. ಅವರಿಗೆ ಸಂದರ್ಶನದ ಕೊನೆಯಲ್ಲಿ, ನಮ್ಮನ್ನೇನಾದರೂ ಕೇಳುವುದಿದೆಯೇ ಎಂದು ಕೇಳುತ್ತಾರೆ. ಸಂಬಳ, ಇನ್ಸೆಂಟಿವ್, ಬಡ್ತಿಯ ಬಗ್ಗೆ ಸಂಕೋಚವಿಲ್ಲದೆ ಕೇಳಬೇಕು. ಜೊತೆಗೆ ಇನ್ನೊಂದನ್ನೂ ಕೇಳಬಹುದು: ಆಯ್ಕೆಯಾಗದವರಿಗೆ ಫೋನ್ ಮಾಡಿ ತಿಳಿಸುವ ಹೊತ್ತನ್ನು ನೀವು ಇಲ್ಲಿ ಕೆಲಸವೆಂದು ಲೆಕ್ಕ ಹಿಡಿಯುತ್ತೀರಾ?